ಹಿತ್ತಿಲ ಕೋಳಿಗೂಡು: ಒಂದು ಬಂಧವಿಚಾರ

ಗೃಹಸ್ಥನು ಅಹಿಂಸಾವ್ರತವನ್ನು ಕೈಕೊಂಡ ಮೇಲೂ ಯಾವ ಯಾವ ಬಗೆಯಿಂದ ಅದಕ್ಕೆ ಮಾಲಿನ್ಯವನ್ನು ತಂದುಕೊಳ್ಳಬಹುದೆಂಬುದನ್ನು ಎಣಿಸುತ್ತ ಜೈನರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ. ಪ್ರಾಣಿಯನ್ನು ಹೊಡೆಯುವುದು, ಅದರ ಅವಯವವನ್ನು ಕೊಯ್ಯುವುದು, ಹೊರಲಾರದ ಭಾರವನ್ನು ಹೇರುವುದು, ಅನ್ನಪಾನಗಳನ್ನು ತಡೆಯುವುದು ಎಂಬ ನಾಲ್ಕನ್ನು ಕೇಳಿದಾಗ ಸಜ್ಜನನಾದವನು ಇವು ತನಗೆ ಸಂಬಂಧಪಟ್ಟವಲ್ಲವೆಂದು ನಿಶ್ಚಿಂತನಾಗಿ ಕುಳಿತಿರಬಹುದು. ಆದರೆ ಈ ನಾಲ್ಕಕ್ಕೂ ಮೊದಲು, ಪಟ್ಟಿಯ ತಲೆಯಲ್ಲಿಯೇ, ನಿಂತಿರುವುದು ಬಂಧ. ಹಿತ್ತಿಲಿನಲ್ಲಿ ನಾಲ್ಕಾರು ಕೋಳಿಗಳನ್ನು ಸಾಕಬೇಕೆಂದು ಬಿದಿರು, ಮೊಳೆ, ತಂತಿಬಲೆಗಳನ್ನು ಕೂಡಿಸಿಕೊಂಡು ಹೊರಟ ಮನುಷ್ಯನು, ಅವನು ಎಷ್ಟೇ ದಯಾಳುವಾಗಿರಲಿ, ತಾನು ಕಟ್ಟುತ್ತಿರುವುದು ಮನೆಯೋ ಸೆರೆಯೋ ಎಂಬ ಪ್ರಶ್ನೆಗೆ ಈ ಒಂದು ಪದದಿಂದ ಗುರಿಯಾಗುತ್ತಾನೆ.

ಪ್ರಶ್ನೆ ಕ್ಲಿಷ್ಟವಾಗುವುದಕ್ಕೆ ಕಾರಣ, ಗೂಡಿನಲ್ಲಿ ರಕ್ಷಣೆಯ ಗೋಡೆ ಒಂದು, ಬಂಧನದ ಗೋಡೆ ಮತ್ತೊಂದು ಎಂಬ ವಿಭಾಗವಿಲ್ಲದಿರುವುದು. ಮುಂಗುಸಿಯನ್ನು ಹೊರಗೆ ತಡೆಯುವ ಬಲೆಯೇ ಹೇಂಟೆಯನ್ನು ಒಳಗೆ ತಡೆಯುತ್ತದೆ. ಕಾಡುಬೆಕ್ಕಿಗೆಂದು ಹಾಕಿದ ಅಗುಳಿಯೇ ಹುಂಜಕ್ಕೂ ಅಗುಳಿಯಾಗುತ್ತದೆ. ಎತ್ತಿನ ಮೂಗುದಾರದ ವಿಷಯದಲ್ಲಿ ಈ ತೊಡಕಿಲ್ಲ: ಅದು ಉಳುವವನ ಪ್ರಯೋಜನಕ್ಕೆ ಹಾಕಿದ್ದು, ಎತ್ತಿಗೆ ಅದರಿಂದ ದೊರೆಯುವುದೇನೂ ಇಲ್ಲ, ಆದುದರಿಂದ ಅದು ಬಂಧವೆಂಬುದನ್ನು ಒಪ್ಪಿಕೊಂಡು ಉಳುವವನು ಬೇಕಾದರೆ ಎತ್ತಿನ ಕ್ಷಮೆಯನ್ನು ಬೇಡಬಹುದು. ಕೋಳಿಯ ಬಾಗಿಲು ಹಾಗಲ್ಲ. ಅದನ್ನು ಒಂದು ರಾತ್ರಿ ತೆರೆದಿಟ್ಟರೆ ಬೆಳಗಿನ ಹೊತ್ತಿಗೆ ಉಳಿಯುವುದು ನಾಲ್ಕು ಗರಿ ಮಾತ್ರವೆಂಬುದನ್ನು ಕೋಳಿ ಸಾಕಿದ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ.

ಹಾಗಾದರೆ ಸಾಕುವ ಗೊಡವೆಯೇ ಬೇಡ, ಕಾಡಿನ ಪಕ್ಷಿಯನ್ನು ಕಾಡಿಗೆ ಬಿಟ್ಟುಬಿಡಿ ಎನ್ನುವ ವೈರಾಗ್ಯ ಕೇಳುವುದಕ್ಕೆ ಉನ್ನತವಾಗಿದೆ. ಆದರೆ ಬಿಡುವುದಕ್ಕೆ ಆ ಕಾಡಿನ ಪಕ್ಷಿ ಈಗ ಎಲ್ಲಿದೆ? ಮನೆಯ ಕೋಳಿ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯ ಸಂತಾನ; ಅನೇಕ ತಳಿಗಳಲ್ಲಿ ಕಾಣುವ ಹಳದಿ ಚರ್ಮದ ಗುಣವೊಂದು ಮಾತ್ರ ನಮ್ಮ ಸಹ್ಯಾದ್ರಿಯಲ್ಲಿಯೂ ಕೂಗುವ ಬೂದುಬಣ್ಣದ ಕಾಡುಕೋಳಿಯಿಂದ ಬಂದದ್ದೆಂದು ಜೀವವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಆ ಮೂಲಪಕ್ಷಿ ಋತುವಿಗೆ ಐದಾರು ಮೊಟ್ಟೆಗಳನ್ನಿಟ್ಟು, ತಾನೇ ಕಾವು ಕೊಟ್ಟು, ಸಂಜೆಯಾದರೆ ಮರದ ಕೊಂಬೆಗೆ ಹಾರಿ ತನ್ನ ಕ್ಷೇಮವನ್ನು ತಾನೇ ನೋಡಿಕೊಳ್ಳುತ್ತಿತ್ತು. ಸಾವಿರಾರು ವರ್ಷಗಳ ಮನುಷ್ಯಸಹವಾಸವು ಅದರ ಮೈಗೆ ತೂಕವನ್ನು ಕೂಡಿಸಿ ರೆಕ್ಕೆಯ ಬಲವನ್ನು ಕಳೆದಿದೆ. ವರ್ಷಕ್ಕೆ 300ರ ಹತ್ತಿರ ಮೊಟ್ಟೆಯಿಡುವಂತೆ ಸಿದ್ಧಪಡಿಸಿದ ತಳಿಗಳಲ್ಲಿ ಕಾವಿಗೆ ಕೂರುವ ಬುದ್ಧಿಯನ್ನೇ ಬಹುಮಟ್ಟಿಗೆ ಅಳಿಸಿಹಾಕಿದೆ. ತನ್ನ ಮೊಟ್ಟೆಯನ್ನು ತಾನು ಮರಿಮಾಡಲರಿಯದ ಈ ಪಕ್ಷಿಗೆ ‘ನೀನು ಸ್ವತಂತ್ರ’ ಎಂದು ಹೇಳಿ ಬೇಲಿಯಾಚೆ ಬಿಡುವುದು, ಸಾಲಗಾರನು ಸಾಲ ಕೊಟ್ಟವನಿಗೆ ಅಪರಿಗ್ರಹದ ಮಹಿಮೆಯನ್ನು ಉಪದೇಶಿಸಿ ಕೈತೊಳೆದುಕೊಂಡಂತೆ. ಇನ್ನು ನಾವು ಕಾಳು ಹಾಕುತ್ತೇವೆ, ನೀರಿಡುತ್ತೇವೆ, ಆದುದರಿಂದ ನಮಗೆ ಅಧಿಕಾರವುಂಟು ಎನ್ನುವವರ ಉತ್ತರವನ್ನು ವಿಸ್ತಾರವಾಗಿ ಪರೀಕ್ಷಿಸಬೇಕಾದುದಿಲ್ಲ. ಸೆರೆಮನೆಯಲ್ಲಿಯೂ ಊಟ ಹಾಕುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಈ ಧರ್ಮಪ್ರಶ್ನೆಯ ಅರ್ಧಭಾಗ ಬಡಗಿಯ ಕೆಲಸದಲ್ಲಿಯೇ ಇತ್ಯರ್ಥವಾಗತಕ್ಕದ್ದು. ದಯೆಗಿಂತ ಮೊದಲು ಜ್ಞಾನ ಬೇಕೆಂಬುದು ಜೈನಾಗಮಗಳಲ್ಲಿ ಬರುವ ಒಂದು ಹಳೆಯ ನಿರ್ಣಯ. ಉಷ್ಣಪ್ರದೇಶದಲ್ಲಿ ಕೋಳಿಗೂಡು ಕಟ್ಟುವವನಿಗೆ ಅದು ಬಲು ಬೇಗ ಮನವರಿಕೆಯಾಗುತ್ತದೆ. ಹಿಮ ಬೀಳುವ ದೇಶದಲ್ಲಿ ನಾಲ್ಕು ಕಡೆಯೂ ಹಲಗೆ ಹೊಡೆದು ಗಾಳಿಯನ್ನು ತಡೆಯುವವನು ಕೋಳಿಗೆ ಉಪಕಾರ ಮಾಡುತ್ತಾನೆ; ಅದೇ ಗೂಡನ್ನು ಅದೇ ಪ್ರೀತಿಯಿಂದ ರಾಯಚೂರಿನಲ್ಲಿಯೋ ಕಲಬುರಗಿಯಲ್ಲಿಯೋ ಕಟ್ಟಿದವನು ವೈಶಾಖದ ಒಂದು ಮಧ್ಯಾಹ್ನ ತನ್ನ ಕೋಳಿಗಳನ್ನು ತಾನೇ ಕೊಂದಿರುತ್ತಾನೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ಮೈಯ ಶಾಖ 41 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನದು. ಹೊರಗಿನ ಗಾಳಿಯೂ 40ನ್ನು ಮುಟ್ಟಿದಾಗ ಒಳಗಿನ ಶಾಖಕ್ಕೆ ಹೊರಹೋಗುವ ದಾರಿ ಮುಚ್ಚಿದಂತಾಗಿ, ಅದು ರೆಕ್ಕೆಗಳನ್ನು ಮೈಯಿಂದ ಅಗಲಿಸಿಕೊಂಡು, ಕೊಕ್ಕು ತೆರೆದು ಏದುಸಿರು ಬಿಡುತ್ತ, ಗಂಟಲಿನ ತೇವವನ್ನು ಆವಿಮಾಡಿ ಜೀವವನ್ನು ಹಿಡಿದುಕೊಳ್ಳುತ್ತದೆ. ಆ ಏದುಸಿರಿನಲ್ಲಿ ರಕ್ತದ ಇಂಗಾಲಾಮ್ಲ ವಾಯು ಅತಿಯಾಗಿ ಕಳೆದುಹೋಗುವುದರಿಂದ ಚಿಪ್ಪು ಕಟ್ಟುವ ಕೆಲಸಕ್ಕೆ ಕೊರತೆಯುಂಟಾಗಿ, ಬೇಸಗೆಯ ಮೊಟ್ಟೆ ತೆಳುವಾಗುತ್ತದೆ. ಕೋಳಿಯ ಸಂಕಟವನ್ನು ಕಣ್ಣಿನಿಂದ ಕಾಣಲೊಲ್ಲದ ಯಜಮಾನನೂ ಅದನ್ನು ಬೆರಳಿನಿಂದ ತಿಳಿಯಬಹುದು.

ಆದುದರಿಂದ ಗೂಡಿನ ಉದ್ದ ಪೂರ್ವಪಶ್ಚಿಮವಾಗಿರಬೇಕು. ಹಾಗಿದ್ದರೆ ಸೂರ್ಯನು ಮಾಡಿನ ನೆತ್ತಿಯ ಗುಂಟ ಸಾಗಿಹೋಗುತ್ತಾನೆಯೇ ಹೊರತು ಉದ್ದನೆಯ ಮಗ್ಗುಲುಗಳಿಂದ ಒಳಹೊಗುವುದಿಲ್ಲ. ಬೆಳಗು ಬೈಗಿನ ಓರೆಬಿಸಿಲು ಬೀಳುವುದು ಕಿರಿದಾದ ಎರಡು ತುದಿಗಳ ಮೇಲೆ, ಅವೆರಡನ್ನು ಇಟ್ಟಿಗೆಯಿಂದಲೋ ಹಲಗೆಯಿಂದಲೋ ಮುಚ್ಚಬಹುದು. ಉದ್ದನೆಯ ಮಗ್ಗುಲುಗಳಿಗೆ ನೆಲದಿಂದ ಒಂದಡಿ ಗೋಡೆ ಸಾಕು. ಅಲ್ಲಿಂದ ಸೂರಿನ ತನಕ ಗಾಳಿಯಾಡುವ ಬಲೆ. ಮಾಡಿಗೆ ಸೋಗೆ ಉತ್ತಮ, ಹೆಂಚು ಮಧ್ಯಮ, ತಗಡು ಅಧಮ; ತಗಡೇ ಗತಿಯಾದರೆ ಮೇಲೆ ಸುಣ್ಣ ಬಳಿದು ಸೋಗೆ ಹರಡಬೇಕು. ಸೂರು ಎರಡು ಮೂರು ಅಡಿ ಮುಂಚಾಚಿರಬೇಕು. ಮಳೆಯ ಎರಚಲಿಗೂ ಅದೇ ಉಪಾಯ. ಹೊಂಗೆಯ ಅಥವಾ ಬೇವಿನ ನೆರಳು ಸಿಕ್ಕಿದರೆ ಭಾಗ್ಯ, ತೆಂಗಿನ ಬುಡ ಮಾತ್ರ ಬೇಡ, ಅಲ್ಲಿ ಗೂಡಿನ ಆಯುಸ್ಸು ಒಂದು ಒಣಗರಿ ಬೀಳುವ ತನಕ. ಬಲೆಯ ವಿಚಾರ ಸ್ವಲ್ಪ ಸೂಕ್ಷ್ಮವಾದದ್ದು. ಪೇಟೆಯಲ್ಲಿ ಕೋಳಿಬಲೆಯೆಂದೇ ಮಾರುವ ಆರು ಮೂಲೆಯ ತೆಳುತಂತಿಯ ಬಲೆ ಕೋಳಿಯನ್ನು ಒಳಗಿಡಬಲ್ಲದು, ಶತ್ರುವನ್ನು ಹೊರಗಿಡಲಾರದು: ನಾಯಿ ಅದನ್ನು ಹರಿಯುತ್ತದೆ, ಎಳೆಯ ಹಾವು ಅದರ ಕಣ್ಣಿನಲ್ಲಿ ನುಸುಳುತ್ತದೆ. ಎಂದ ಮೇಲೆ ಅದು ರಕ್ಷಣೆಯ ಲೇಶವೂ ಬೆರೆಯದ ಶುದ್ಧ ಬಂಧ. ಅರ್ಧ ಅಂಗುಲದ ಚೌಕಕಣ್ಣಿನ ದಪ್ಪತಂತಿಯ ವೆಲ್ಡ್ ಮೆಶ್ಶನ್ನು ಹೊಡೆದು, ಮುಂಗುಸಿ ಹೆಗ್ಗಣಗಳು ತೋಡಿ ಬರದಂತೆ ಅದರ ಅಂಚನ್ನು ಒಂದಡಿ ನೆಲದೊಳಗೆ ಹೂತರೆ, ಅದೇ ಗೋಡೆ ರಕ್ಷೆಯೆನಿಸಿಕೊಳ್ಳಲು ಯೋಗ್ಯವಾಗುತ್ತದೆ. ಎರಡರ ಬೆಲೆಯಲ್ಲಿ ಅಂತರವುಂಟು. ಧರ್ಮಸೂಕ್ಷ್ಮವೊಂದು ಕಬ್ಬಿಣದಂಗಡಿಯಲ್ಲಿ ಇಷ್ಟು ಸ್ಪಷ್ಟವಾಗಿ ಕ್ರಯಕ್ಕೆ ದೊರೆಯುವುದು ಅಪರೂಪ. ಮಿಕ್ಕವು ಸಾಮಾನ್ಯರೂ ಬಲ್ಲವು: ನೆಲಕ್ಕೆ ಭತ್ತದ ಹೊಟ್ಟು, ಹೇನಿಗೆ ಒಲೆಯ ಬೂದಿ, ನೆರಳಿನಲ್ಲಿ ಮಣ್ಣಿನ ಬಾನಿಯ ತಣ್ಣೀರು, ಬಿಸಿಗಾಳಿ ಬೀಸುವ ಕಡೆಗೆ ನೆನೆಸಿದ ಗೋಣಿತಾಟು.

ಈಗ ಪ್ರಶ್ನೆಯ ಉಳಿದರ್ಧಕ್ಕೆ ಬರೋಣ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವೃತ್ತಿಯನ್ನು ಬರೆದ ಪೂಜ್ಯಪಾದಾಚಾರ್ಯರು, ಗಂಗರ ಕಾಲದ ಕರ್ಣಾಟಕದೊಡನೆ ಪರಂಪರೆಯು ಯಾರ ಹೆಸರನ್ನು ಹೆಣೆದಿದೆಯೋ ಆ ಮಹನೀಯರು, ಹಗ್ಗ ಗೋಡೆಗಳ ಮಾತಿಗೆ ಹೋಗದೆ, ಪ್ರಾಣಿಯು ತನಗೆ ಇಷ್ಟವಾದ ಎಡೆಗೆ ಹೋಗುವುದನ್ನು ಯಾವುದು ತಡೆಯುತ್ತದೆಯೋ ಅದು ಬಂಧವೆಂದು ಅರ್ಥಮಾಡಿದರು. ವಿಚಾರಣೆಯನ್ನು ಕಟ್ಟುವವನ ಕೈಯಿಂದ ಬಿಡಿಸಿ ಪ್ರಾಣಿಯ ಕಾಲಿಗೆ ಒಪ್ಪಿಸಿರುವುದು ಈ ವಿವರಣೆಯ ಸೊಗಸು. ಕೋಳಿ ಎಲ್ಲಿಗೆ ಹೋಗಬಯಸುತ್ತದೆ? ಹಗಲೆಲ್ಲ ಹಿತ್ತಿಲನ್ನು ಕೆದಕುತ್ತ, ಗೆದ್ದಲು ಹೆಕ್ಕುತ್ತ, ಧೂಳಿನಲ್ಲಿ ಹೊರಳುತ್ತ ಅಲೆಯುವ ಅದು, ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣದ್ದರಿಂದ, ಹೊತ್ತು ಮುಳುಗುತ್ತಿದ್ದಂತೆ ಎತ್ತರವೂ ಮರೆಯೂ ಉಳ್ಳ ಒಂದು ಎಡೆಯನ್ನು ತಾನಾಗಿಯೇ ಅರಸಿಕೊಂಡು ಬರುತ್ತದೆ. ಗೂಡಿನೊಳಗೆ ಎರಡು ಮೂರು ಅಡಿ ಎತ್ತರದಲ್ಲಿ ಅಡ್ಡಗೋಲೊಂದಿದ್ದು ಒಳಗೆ ಗಾಳಿಯಾಡುತ್ತಿದ್ದರೆ ಯಾರೂ ಅದನ್ನು ಅಟ್ಟಬೇಕಾಗುವುದಿಲ್ಲ. ಅದು ಸೇರಿ ಕೂತ ಮೇಲೆ ಅಗುಳಿ ಹಾಕಿದವನು ಅದರ ಯಾವ ಇಷ್ಟವನ್ನೂ ತಡೆಯಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಹೊರಗೆ ಹೋಗುವ ಇಷ್ಟವೇ ಅದಕ್ಕಿಲ್ಲ. ಅದೇ ಅಗುಳಿ, ಹುಂಜ ಕೂಗಿ, ಬೆಳಕು ಹರಿದು, ಕೋಳಿಗಳೆಲ್ಲ ಗೋಲಿನಿಂದಿಳಿದು ಬಾಗಿಲ ಬಳಿ ನೆರೆದ ಮೇಲೂ ಹಾಕಿಯೇ ಇದ್ದರೆ, ಯಜಮಾನನು ಹಾಸಿಗೆಯಲ್ಲಿ ಹೊರಳಾಡುವ ಆ ಹೊತ್ತಿನಷ್ಟೂ ಅದು ಬಂಧ. ಕೋಳಿ ಸಾಕುವವನ ಅಹಿಂಸಾವ್ರತವು ಅವನ ಬೆಳಗಿನ ನಿದ್ರೆಯೊಡನೆ ಇಷ್ಟು ಹತ್ತಿರದ ಸಂಬಂಧವುಳ್ಳದ್ದೆಂಬುದು ಗೂಡು ಕಟ್ಟುವ ಉತ್ಸಾಹದಲ್ಲಿರುವವರಿಗೆ ಹೊಳೆಯುವುದಿಲ್ಲ.

ತಾರ್ಕಿಕನಾದ ಓದುಗನು ಇಲ್ಲಿ ಸುಮ್ಮನಿರಲಾರನು. ಹೊಸದಾಗಿ ತಂದ ಕೋಳಿಗಳನ್ನು ಗೂಡು ಅಭ್ಯಾಸವಾಗುವ ತನಕ ಕೆಲವು ದಿನ ಒಳಗೇ ಕೂಡಿಹಾಕುವುದು ಸಾಕುವವರೆಲ್ಲರ ಪದ್ಧತಿ. ಗೂಡಿಲ್ಲದ ಮನೆಯಲ್ಲಿ ಮಂಕರಿ ಕವುಚಿ ಮೇಲೊಂದು ಕಲ್ಲು ಹೇರುತ್ತಾರೆ. ಹೀಗೆ ಬಂಧದಿಂದಲೇ ಹುಟ್ಟಿಸಿದ ಇಷ್ಟವನ್ನು ಕೋಳಿಯ ಸ್ವೇಚ್ಛೆಯೆಂದು ಕರೆದು, ಆ ಸ್ವೇಚ್ಛೆಯನ್ನೇ ಸಾಕ್ಷಿಯಾಗಿ ನಿಲ್ಲಿಸಿ, ಬಂಧವಿಲ್ಲವೆಂದು ತೀರ್ಪು ಪಡೆಯುವುದು ಕಪಟವಲ್ಲವೆ? ಆಕ್ಷೇಪ ಬಲವಾದದ್ದು, ಅದನ್ನು ಸಂಪೂರ್ಣವಾಗಿ ಪರಿಹರಿಸುವ ಸಮಾಧಾನ ಉಂಟೆಂದು ನಾನು ನಂಬಲಾರೆ. ನಮ್ಮ ಇಷ್ಟಗಳಲ್ಲಿ ಸಂಸ್ಕಾರದಿಂದ ಬಾರದಿರುವುದು ತಾನೇ ಯಾವುದು? ನಾವು ಉಣ್ಣುವ ಅನ್ನ, ಆಡುವ ನುಡಿ, ಕೈಮುಗಿಯುವ ದೇವರು ಎಲ್ಲವನ್ನೂ ಮೊದಲು ನಮ್ಮ ಮೇಲೆ ಹೇರಿ ಆಮೇಲೆ ನಾವು ಪ್ರೀತಿಸುವಂತಾಯಿತು. ಅಷ್ಟರಿಂದ ಆ ಪ್ರೀತಿ ಹುಸಿಯೆಂದು ಯಾರೂ ಹೇಳುವುದಿಲ್ಲ. ಅಭ್ಯಾಸಕ್ಕೆ ಒಂದು ಎಲ್ಲೆಯೂ ಉಂಟು: ಸೆಕೆಯಲ್ಲಿ ಬೇಯುವ, ಹೇನು ಮುತ್ತಿದ ಗೂಡನ್ನು ಅಭ್ಯಾಸವಾದ ಕೋಳಿಯೂ ತೊರೆದು ಸೀಬೆಯ ಮರವನ್ನೇರುವುದುಂಟು. ಆ ಅಸಮ್ಮತಿಯನ್ನು ಸೂಚಿಸುವ ಅವಕಾಶವನ್ನಾದರೂ ಹಿತ್ತಿಲಿನ ಗೂಡು ಅದಕ್ಕೆ ಕೊಡುತ್ತದೆ. ರೆಕ್ಕೆ ಬಿಚ್ಚಲೂ ಎಡೆಯಿಲ್ಲದ ತಂತಿಪೆಟ್ಟಿಗೆಗಳನ್ನು ಸಾಲುಸಾಲಾಗಿ ಜೋಡಿಸಿ ಮೊಟ್ಟೆ ತೆಗೆಯುವ ದೊಡ್ಡ ಸಾಕಣೆಮನೆಗಳಲ್ಲಿ ಕೋಳಿಯ ಸಾಕ್ಷ್ಯವನ್ನು ಕೇಳುವ ಪ್ರಸಂಗವೇ ಹುಟ್ಟುವುದಿಲ್ಲ.

ಆದರೆ ನಮ್ಮ ಧರ್ಮಶಾಸ್ತ್ರಗಳು ಪ್ರಾಣಿಯ ನಡೆಯನ್ನು ನೋಡಿ ತೃಪ್ತಿಪಡದೆ ಕಟ್ಟುವವನ ಸಂಕಲ್ಪವನ್ನೂ ಕೇಳುತ್ತವೆ. ಕನ್ನಡಿಗನಿಗೆ ಈ ಸಂದರ್ಭದಲ್ಲಿ ನೆನಪಾಗಬೇಕಾದುದು 1209ರಲ್ಲಿ ಜನ್ನನು ಮುಗಿಸಿದ ಯಶೋಧರಚರಿತೆ. ಕೆಟ್ಟ ಕನಸಿನ ನೆವದಲ್ಲಿ ತಾಯಿ ಚಂದ್ರಮತಿಯು ದೇವಿಗೆ ಬಲಿ ಕೊಡಬೇಕೆಂದು ಹಟಹಿಡಿಯುತ್ತಾಳೆ. ಜೀವವನ್ನು ಕೊಲ್ಲಲೊಲ್ಲದ ಯಶೋಧರನು ತಾಯಿಯ ಮಾತನ್ನೂ ಮೀರಲಾರದೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಸತ್ತದ್ದು ಹಿಟ್ಟು; ಆದರೆ ಕೊಲ್ಲುವ ಭಾವದಿಂದ ಕತ್ತಿಯೆತ್ತಿದ ಆ ಒಂದು ಸಂಕಲ್ಪಹಿಂಸೆಗಾಗಿ ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳ ಸಾಲನ್ನೇ ಹಾಯ್ದು, ಕೊನೆಗೆ ಕೋಳಿಗಳಾಗಿಯೇ ಹುಟ್ಟುತ್ತಾರೆ. ಮುನಿಯ ಮಾತನ್ನು ಕೇಳಿ ಪೂರ್ವಜನ್ಮದ ಸ್ಮರಣೆಯಾದ ಸಂತೋಷದಲ್ಲಿ ಅವು ಕೂಗಿಕೊಂಡಾಗ, ಆ ದನಿಯ ಜಾಡನ್ನೇ ಹಿಡಿದು ರಾಜನು ಬಿಟ್ಟ ಬಾಣ ಎರಡನ್ನೂ ಕೊಲ್ಲುತ್ತದೆ. ಆ ರಾಜ ಯಶೋಧರನ ಮಗನೇ. ಇದೇ ನಾಡಿನಲ್ಲಿ, ಜನ್ನನ ಶತಮಾನದಲ್ಲಿಯೇ ಹುಟ್ಟಿದ ಮಧ್ವಾಚಾರ್ಯರ ಪರಂಪರೆ ಯಜ್ಞದಲ್ಲಿ ಜೀವಂತ ಪಶುವಿಗೆ ಬದಲಾಗಿ ಹಿಟ್ಟಿನ ಪಶುವನ್ನು ಅಂಗೀಕರಿಸಿತು. ಒಬ್ಬರಿಗೆ ಹಿಂಸೆಯಿಂದ ಪಾರಾಗುವ ಬಾಗಿಲಾದ ಹಿಟ್ಟು ಮತ್ತೊಬ್ಬರಿಗೆ ಹಿಂಸೆಯ ಬೀಜವೇ ಆಯಿತು. ಪ್ರಾಣ ಉಳಿಯಿತೆ ಎಂದು ಕೇಳುವವರು ಒಬ್ಬರು, ಕೈಯೆತ್ತಿದವನ ಮನಸ್ಸು ಹೇಗಿತ್ತು ಎಂದು ಕೇಳುವವರು ಮತ್ತೊಬ್ಬರು; ಕೋಳಿಗೂಡನ್ನು ಕಟ್ಟುವವನು ಎರಡು ನ್ಯಾಯಸ್ಥಾನಗಳಲ್ಲಿಯೂ ಹಾಜರಾಗಬೇಕು.

ಸಂಕಲ್ಪವನ್ನು ಕೇಳುವ ನ್ಯಾಯಸ್ಥಾನದಲ್ಲಿ ಅವನ ಸ್ಥಿತಿ ಸುಖಕರವಲ್ಲ, ಏಕೆಂದರೆ ಅವನಿಗೆ ಬೇಕಾದುದು ಮೊಟ್ಟೆ. ಏನನ್ನೂ ಬಯಸದೆ ಹಕ್ಕಿಗೆ ಮನೆಯಾದವನೊಬ್ಬನು ಮಹಾಭಾರತದ ಶಾಂತಿಪರ್ವದಲ್ಲಿ ಬರುತ್ತಾನೆ: ಮೋಟುಮರದಂತೆ ಅಲುಗದೆ ನಿಂತು ತಪಸ್ಸು ಮಾಡುತ್ತಿದ್ದ ಜಾಜಲಿಯ ಜಟೆಯಲ್ಲಿ ಹಕ್ಕಿಗಳೆರಡು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಮಾಡಿ, ಮರಿಗಳು ಬಲಿತು ಹಾರಿಹೋಗುವ ತನಕವೂ ಅವನು ಕದಲಲಿಲ್ಲ. ಬಾಗಿಲಿಲ್ಲದ, ಅಗುಳಿಯಿಲ್ಲದ ಇಂಥ ಗೂಡನ್ನು ನಮ್ಮ ಯಾವ ಬಡಗಿಯೂ ಕಟ್ಟಲಾರನು. ಆದರೂ ಹಕ್ಕಿಗಳು ಮರಳಿ ಬಾರದಾದಾಗ ಜಾಜಲಿಯು ತಾನು ಧರ್ಮವನ್ನು ಗೆದ್ದೆನೆಂದು ಹೆಮ್ಮೆಪಟ್ಟದ್ದೇ ತಡ, ವಾರಾಣಸಿಯಲ್ಲಿ ತಕ್ಕಡಿ ಹಿಡಿದು ವ್ಯಾಪಾರ ಮಾಡುವ ತುಲಾಧಾರನಿಗೆ ನೀನು ಸಮನಲ್ಲವೆಂಬ ಅಶರೀರವಾಣಿ ಅವನನ್ನು ತಡೆಯಿತು. ಆ ತುಲಾಧಾರನು ಎತ್ತುಗಳ ಮೂಗು ಚುಚ್ಚಿ ಕಟ್ಟಿ ದುಡಿಸುವವರನ್ನು ಮುಲಾಜಿಲ್ಲದೆ ಖಂಡಿಸಿದವನು. ಅವನ ಮುಂದೆ ಕೋಳಿಗೂಡಿನ ನಕ್ಷೆಯನ್ನು ಹಿಡಿದು ನಿಲ್ಲುವುದಕ್ಕೆ ನನಗೂ ಅಂಜಿಕೆಯೇ. ಆದರೂ ಸಂಸಾರಿಯಾದವನಿಗೆ ಜಾಜಲಿಗಿಂತ ಅವನೇ ಹತ್ತಿರದವನು, ಏಕೆಂದರೆ ಅವನು ಕೊಡುವುದು ತೆಗೆದುಕೊಳ್ಳುವುದು ಎರಡನ್ನೂ ಬಿಟ್ಟವನಲ್ಲ. ಎರಡನ್ನೂ ಒಂದೇ ತೂಕದಲ್ಲಿ ನಡೆಸಿದವನು. ಮೊಟ್ಟೆಯ ಆಸೆಯಿಲ್ಲವೆಂದು ಸುಳ್ಳು ಹೇಳುವುದಕ್ಕಿಂತ, ಆ ಮೊಟ್ಟೆಗೆ ಎದುರಾಗಿ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನನ್ನು ಇಟ್ಟೆನೆಂದು ನೋಡಿಕೊಳ್ಳುವುದು ಹೆಚ್ಚು ಪ್ರಾಮಾಣಿಕವಾದ ಕೆಲಸ.

ಹೀಗೆ ತೂಗಲು ತೊಡಗಿದರೆ ಕೆಲವು ಪ್ರಸಿದ್ಧವಾದ ಸಮಾಧಾನಗಳೂ ಹಗುರವಾಗಿ ಕಾಣುತ್ತವೆ. 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ ಗಾಂಧೀಜಿಯವರು, ಹುಂಜದ ಸಂಪರ್ಕವಿಲ್ಲದೆ ಇಟ್ಟ ಮೊಟ್ಟೆಯಲ್ಲಿ ಮರಿಯಾಗುವ ಜೀವವಿಲ್ಲದ್ದರಿಂದ ಹಾಲು ಕುಡಿಯುವವರು ಅದನ್ನು ಆಕ್ಷೇಪಿಸಲು ಕಾರಣವಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟರು. ಆ ಒಂದು ಮೊಟ್ಟೆಯ ಮಟ್ಟಿಗೆ ಮಾತು ನಿಜ. ಆದರೆ ಅದನ್ನಿಟ್ಟ ಹೇಂಟೆ ಒಂದು ಮೊಟ್ಟೆಯಿಂದ ಬಂದದ್ದು, ಅದರೊಡನೆ ಕಾವಿನಲ್ಲಿ ಒಡೆದ ಮರಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಹುಂಜಗಳು; ಹತ್ತು ಹೇಂಟೆಗೆ ಒಂದು ಹುಂಜ ಸಾಕಾದ ಹಿತ್ತಿಲಿನಲ್ಲಿ ಮಿಕ್ಕವು ಎಲ್ಲಿಗೆ ಹೋದವು? ಮೊಟ್ಟೆಗೆಂದೇ ಬೆಳೆಸುವ ತಳಿಯ ಗಂಡುಮರಿಗಳನ್ನು ಮರಿಮಾಡುವ ಕಾರ್ಖಾನೆಯವರು ಹುಟ್ಟಿದ ದಿನವೇ ಕೊಂದುಬಿಡುತ್ತಾರೆ. ಊರಿನ ಹುಂಜಗಳು ಒಲೆಗೆ, ಅಂಕದ ಕಣಕ್ಕೆ, ಪ್ರಾಣಿಬಲಿಯನ್ನು ನಿಷೇಧಿಸುವ ಕಾನೂನು 1959ರಲ್ಲಿಯೇ ಬಂದಿದ್ದರೂ ಮಾರಿಯ ಜಾತ್ರೆಗೆ ಸಲ್ಲುತ್ತವೆ. ನಾವು ಮೊಟ್ಟೆಯನ್ನು ಮಾತ್ರ ತಿನ್ನುವವರು, ಕೊಲೆ ನಮ್ಮ ಮನೆಯಲ್ಲಿಲ್ಲ ಎನ್ನುವವರು ಯಶೋಧರನ ಹಿಟ್ಟಿನ ಕೋಳಿಯನ್ನು ತಿರುಗುಮುರುಗು ಮಾಡಿದವರು: ಅವನಲ್ಲಿ ಹಿಂಸೆಯ ಭಾವವಿದ್ದು ಹತವಾದ ಪ್ರಾಣಿಯಿರಲಿಲ್ಲ, ಇವರಲ್ಲಿ ಹತವಾದ ಪ್ರಾಣಿಯುಂಟು, ಭಾವವೊಂದು ಇಲ್ಲ. ನಾಟಿಕೋಳಿಯನ್ನು ತಾನಾಗಿ ಕಾವಿಗೆ ಕೂರಲು ಬಿಟ್ಟು 21 ದಿನಕ್ಕೆ ಮರಿಯೆಬ್ಬಿಸುವವನು ಆ ಮರಿಗಳಲ್ಲಿ ಗಂಡಾದುವಕ್ಕೆ ಏನು ಮಾಡುವೆನೆಂಬುದನ್ನು ಮೊಟ್ಟೆ ಜೋಡಿಸುವ ಮೊದಲೇ ಯೋಚಿಸಿರತಕ್ಕದ್ದು. ನನಗೆ ತೋರಿದಂತೆ ಇದಕ್ಕೆ ನಿರ್ದೋಷವಾದ ಉಪಾಯವಿಲ್ಲ, ಕಡಮೆ ಮರಿ ಮಾಡಿಸುವುದೊಂದೇ ಉಳಿದ ದಾರಿ.

ಹೇಂಟೆಯ ಋಣವಾದರೂ ಎಣಿಕೆಗೆ ಸಿಕ್ಕುವಂಥದು. ಅದು ಚೆನ್ನಾಗಿ ಮೊಟ್ಟೆಯಿಡುವುದು ಎರಡು ಮೂರು ವರ್ಷ. ಹದ್ದು, ಹಾವು, ಕೊಕ್ಕರೆ ರೋಗಗಳಿಂದ ಪಾರಾದರೆ ಬದುಕುವುದು ಆರೇಳು ವರ್ಷ. ಮನುವು ಗೃಹಸ್ಥನ ಮನೆಯೊಳಗೆ ಒಲೆ, ಬೀಸುಕಲ್ಲು, ಪೊರಕೆ, ಒರಳು, ನೀರಿನ ಕೊಡ ಎಂದು ಐದು ಕೊಲೆಯ ಎಡೆಗಳನ್ನು ಗುರುತಿಸಿ, ಅವುಗಳಿಂದಾದ ಪಾಪಕ್ಕೆ ಐದು ನಿತ್ಯಯಜ್ಞಗಳನ್ನು ವಿಧಿಸಿದನು. ಮೊಟ್ಟೆ ನಿಂತ ಕೋಳಿಯನ್ನು ಮಾರಿಬಿಡುವ ಮನೆಯಲ್ಲಿ ಹಿತ್ತಿಲಿನ ಗೂಡು ಅಂಥ ಆರನೆಯದೊಂದು ಎಡೆಯಾಗುತ್ತದೆ. ಅದಕ್ಕೆ ಪ್ರತಿಯಾದ ಯಜ್ಞವನ್ನು ಗೂಡಿನ ಅಳತೆಯಲ್ಲಿಯೇ ಸೇರಿಸಿಬಿಡುವುದು ಸಾಧ್ಯ. ಒಂದು ಕೋಳಿಗೆ ಗೋಲಿನ ಮೇಲೆ ಎಂಟು ಅಂಗುಲ, ನೆಲದಲ್ಲಿ ನಾಲ್ಕು ಚದರಡಿ, ನಾಲ್ಕೈದು ಹೇಂಟೆಗಳಿಗೆ ಒಂದಡಿ ಚೌಕದ ಒಂದು ಮೊಟ್ಟೆಪೆಟ್ಟಿಗೆ ಎಂಬುದು ಲೆಕ್ಕ. ಆರು ಹೇಂಟೆಗಳ ಮೊಟ್ಟೆ ಸಾಕಾದ ಸಂಸಾರಕ್ಕೆ ನಾಲ್ಕಡಿ ಗೋಲು ಧಾರಾಳವಾಯಿತೆಂದು ಬಡಗಿ ಹೇಳುತ್ತಾನೆ. ಅವನಿಗೆ ಎಂಟು ಅಡಿ ಹಾಕಯ್ಯ ಎಂದರೆ, ‘ಮುದಿಕೋಳಿಗೆಲ್ಲ ಯಾರು ಸ್ವಾಮಿ ಕಾಳು ಹಾಕ್ತಾರೆ?’ ಎಂದು ಕೇಳದೆ ಇರುವುದಿಲ್ಲ. ಅವು ಗೆದ್ದಲು ತಿನ್ನುತ್ತವೆ, ಬಾಳೆಯ ಬುಡಕ್ಕೆ ಗೊಬ್ಬರ ಹಾಕುತ್ತವೆ ಎಂಬ ಉತ್ತರ ಅವನನ್ನು ಒಪ್ಪಿಸಬಹುದು. ಅದು ನಿಜವೂ ಹೌದು, ಆದರೆ ಎಂಟು ಅಡಿ ಹಾಕುವುದಕ್ಕೆ ಅದಲ್ಲ ಕಾರಣ. ಗೋಲಿನ ಉದ್ದಕ್ಕೆ ಸರಿಯಾಗಿ ನೆಲವನ್ನೂ ಆರಡಿಗೆ ಎಂಟಡಿಯಾಗಿ ಹಿಗ್ಗಿಸಿಕೊಂಡರೆ ಮಾಡಿನ ಖರ್ಚು ಸ್ವಲ್ಪ ಏರುತ್ತದೆ. ಮೊಟ್ಟೆಪೆಟ್ಟಿಗೆ ಎರಡೇ ಇರಲಿ, ಅವನ್ನು ಹೆಚ್ಚಿಸಬೇಕಾದುದಿಲ್ಲ.